ದಮ್ಮು ಬಿಡುವ ವಿದ್ಯೆ

ಮೊದಲೇ ಹೇಳಿಬಿಡುತ್ತೇನೆ. ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು, ತೋಳಿನ ಮೇಲೆ ಎಷ್ಟು ಪಟ್ಟಿ ಏರಿದವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಯಾಕೆ? ಮೂವತ್ತೈದು ವರ್ಷಕ್ಕೂ ಮೇಲೆ ನೌಕಾಪಡೆಯಲ್ಲಿದ್ದೆ. ಅದರಲ್ಲಿ ಬಹುಪಾಲು ಕಾಲ ನನ್ನ ಕೆಲಸ ಒಂದೇ: ಸಬ್‌ಮರೀನ್ ಸಮುದ್ರದ ತಳ ಹಿಡಿದು ಕೂತರೆ ಒಳಗಿನವರನ್ನು ಜೀವಸಹಿತ ಮೇಲೆ ತರುವುದು, ಮತ್ತು ಹಾಗೆ ಮೇಲೆ ಬರುವುದನ್ನು ಅವರಿಗೆ ಮೊದಲೇ ಕಲಿಸಿಡುವುದು. ಈಗ ಯಾದಗಿರಿಯಲ್ಲಿ ಮನೆ ಮಾಡಿಕೊಂಡು ಆರಾಮಾಗಿ ಇದ್ದೇನೆ. ಸಮುದ್ರವೇ ಇಲ್ಲದ ಜಿಲ್ಲೆಯವನು ಆ ಕೆಲಸಕ್ಕೆ ಹೇಗೆ ಹೋದೆ ಎಂದು ಚಹಾದಂಗಡಿಯಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ.

ಹೊಳೆಗೆ ಮಹಾಪೂರ ಬಂದಾಗ ಜನರನ್ನು ಎತ್ತಿ ತರಲು ನಮ್ಮ ಕಡೆಯ ಹುಡುಗ ಹುಡುಗಿಯರ ಒಂದು ಪಡೆ ಆಗಿದೆ. ಭಾನುವಾರ ಬೆಳಿಗ್ಗೆ ಅವರನ್ನು ಹತ್ತಿಕುಣಿಯ ಕೆರೆಗೆ ಕರೆದುಕೊಂಡು ಹೋಗಿ ಮುಳುಗಿಸಿ ಏಳಿಸುತ್ತೇನೆ. ಅವರಲ್ಲಿ ಸಗರದ ಭಾಗ್ಯಶ್ರೀ ಎಂಬ ಹುಡುಗಿ ಒಂದು ದಿನ ನೀರಿನಿಂದ ಎದ್ದವಳೇ ಮೂಗು ಒರೆಸಿಕೊಳ್ಳುತ್ತ ಕೇಳಿದಳು: “ಅಜ್ಜಾರ, ಖರೇ ಹೇಳ್ರಿ, ನೀವು ಒಮ್ಮಿನೂ ಫೇಲ್ ಆಗಿಲ್ಲೇನ್ರಿ?”

“ಎರಡು ಸಲ ಆಗೀನವ್ವಾ. ಮೂರನೇದು ಆಗಿದ್ರ ಇವತ್ತು ನಿನ್ನ ಮುಂದ ನಿಂತು ಹಿಂಗ ಒದರತಿದ್ದಿಲ್ಲ.”

“ಹಂಗಾರ ಅದನ್ನ ಬರೀರಿ. ಪಾಸ್ ಆಗಿದ್ದು ಎಲ್ಲಾರೂ ಬರೀತಾರ.”

ಎಷ್ಟು ಮೊಂಡ ಹುಡುಗಿ ನೋಡಿ! ಆದರೆ ಅವಳ ಮಾತು ನನಗೆ ಹಿಡಿಸಿತು.

ನಮ್ಮೂರು ಸುರಪುರ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ. ನಮ್ಮಪ್ಪ ಯಂಕಪ್ಪ ಹರಗೋಲು ಹಾಕಿ ಜನರನ್ನು ಆಚೆ ದಂಡೆಗೆ ದಾಟಿಸುತ್ತಿದ್ದ. ಬಿಡುವಾದಾಗ ಮೀನು ಹಿಡಿಯುತ್ತಿದ್ದ. ಬಲೆ ಬಂಡೆಗೆ ಸಿಕ್ಕಿಕೊಂಡರೆ ಮುಳುಗಿ ಬಿಡಿಸುವುದು ನನ್ನ ಪಾಲಿನ ಕೆಲಸ. ನಮ್ಮಲ್ಲಿ ಗಂಡಸಿನ ಬೆಲೆ ಅವನ ದಮ್ಮಿನಲ್ಲಿ. ಉಸಿರು ಹಿಡಿದು ಯಾರು ಹೆಚ್ಚು ಹೊತ್ತು ತಳದಲ್ಲಿರುತ್ತಾರೋ ಅವನೇ ದೊಡ್ಡವನು. ಅಪ್ಪ ದಂಡೆಯಲ್ಲಿ ಕೂತು ಎಣಿಸುತ್ತಿದ್ದ, ನಾನು ನೂರು ದಾಟಿಸಿದರೆ ಮಾತ್ರ “ಹ್ಞೂಂ” ಅನ್ನುತ್ತಿದ್ದ. ನೀರಿನೊಳಗೆ ಒಂದು ಗುಳ್ಳೆ ಬಿಟ್ಟರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು.

ನಾನು ನೌಕಾಪಡೆಗೆ ಸೇರುವುದಕ್ಕೆ ಒಂದು ವರ್ಷ ಮೊದಲು ನಮ್ಮೂರ ಹೊಳೆಗೆ ಸೇತುವೆ ಆಯಿತು. ಊರಿಗೆ ಊರೇ ಕುಣಿಯಿತು, ನಮ್ಮವ್ವ ಸಹಿತ ಸೇತುವೆಗೆ ಕುಂಕುಮ ಹಚ್ಚಿ ಬಂದಳು. ಆಮೇಲೆ ಹರಗೋಲು ಹತ್ತುವವರು ಇಲ್ಲವಾದರು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಹೋಗಿ ದಂಡೆಯ ಅದೇ ಕಲ್ಲಿನ ಮೇಲೆ ಕೂಡುತ್ತಿದ್ದ. ಮಧ್ಯಾಹ್ನಕ್ಕೆ ಎದ್ದು ಮನೆಗೆ ಬರುತ್ತಿದ್ದ. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಭರ್ತಿಗೆ ಕರೆದಾಗ ಓಡಿ ಹೋಗಿ ಸೇರಲು ಅದೂ ಒಂದು ಕಾರಣ.

ಪೂರ್ವದ ಕರಾವಳಿಯ ಒಂದು ತರಬೇತಿ ಕೇಂದ್ರಕ್ಕೆ ನನ್ನನ್ನು ಹಾಕಿದರು. ಅಲ್ಲಿನ ಮುಖ್ಯ ತರಬೇತುದಾರರು ಚೀಫ್ ತಾಂಡೇಲ್, ಕಾರವಾರದ ಕಡೆಯವರು. ಗಿಡ್ಡ ಆಳು, ಕಡ್ಡಿಯಂಥ ಕಾಲು, ಕೂಗಿದರೆ ಮಾತ್ರ ಬಂದರಿನ ಹಕ್ಕಿಗಳೆಲ್ಲ ಎದ್ದು ಹಾರುತ್ತಿದ್ದವು. ಕನ್ನಡದವರು ಸಿಕ್ಕರಲ್ಲ ಎಂದು ನಾನು ಖುಷಿಯಿಂದ ಮೊದಲ ದಿನವೇ ಹೋಗಿ ಮಾತಾಡಿಸಿದೆ.

“ಏನ್ರೀ ಸಾಹೇಬ್ರ, ಆರಾಮ ಅದೀರೇನು? ಊಟ ಆತೇನು?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನು ಊಟ ಕೇಳ್ತಾ ಇದ್ದೀಯೋ, ಜಗಳಕ್ಕೆ ಬಂದಿದ್ದೀಯೋ ಮಾರಾಯಾ?”

ನಮ್ಮ ಕಡೆಯ ಮಾತು ಕರಾವಳಿಯವರಿಗೆ ಹಾಗೇ ಕೇಳಿಸುತ್ತದೆ. ನಾನು ಹಲ್ಲು ಕಿರಿದೆ, ಅದಕ್ಕೆ ಅಂಗಳದ ಸುತ್ತ ಆರು ಸುತ್ತು ಓಟ ಸಿಕ್ಕಿತು.

ತಾಂಡೇಲರ ಪಾಠ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಹಳೆಯ ಕಾಲದಲ್ಲಿ ಸಬ್‌ಮರೀನ್ ಮುಳುಗಿದರೆ ಏನಾಗುತ್ತಿತ್ತು ಎಂದು ಹೇಳುತ್ತಿದ್ದರು. ಒಳಗೆ ಬದುಕಿದ್ದವರು ಕಬ್ಬಿಣದ ಗೋಡೆ ಬಡಿಯುತ್ತಿದ್ದರಂತೆ, ಮೇಲಿನ ಹಡಗಿನವರಿಗೆ ಆ ಬಡಿತ ಕೇಳುತ್ತಿತ್ತಂತೆ, ಕೇಳುವುದು ಬಿಟ್ಟು ಬೇರೆ ಏನೂ ಮಾಡಲು ಬರುತ್ತಿರಲಿಲ್ಲವಂತೆ. ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಅಮೆರಿಕದ ಸಮುದ್ರದಲ್ಲಿ ಮೊದಲ ಸಲ ಒಂದು ದೊಡ್ಡ ಕಬ್ಬಿಣದ ಗಂಟೆಯನ್ನು ಹಗ್ಗದ ಮೇಲೆ ಇಳಿಸಿ, ಮುಳುಗಿದ ಸಬ್‌ಮರೀನಿನ ಬಾಗಿಲ ಮೇಲೆ ಕೂಡಿಸಿ, ನಾಲ್ಕು ಸಲ ಓಡಾಡಿ ಮೂವತ್ತಮೂರು ಮಂದಿಯನ್ನು ಮೇಲೆ ತಂದರು. ಅದನ್ನು ಹೇಳುವಾಗ ತಾಂಡೇಲರ ದನಿ ಮೆತ್ತಗಾಗುತ್ತಿತ್ತು. ಗಂಟೆ ಎಂದರೆ ಹೇಗಿರುತ್ತದೆ ಎಂದು ನಮ್ಮ ತರಗತಿಯವರಿಗೆ ತಿಳಿಯಲಿಲ್ಲ. ನನಗೆ ಥಟ್ಟನೆ ತಿಳಿಯಿತು. ನಾವು ಹುಡುಗರು ಹರಗೋಲನ್ನು ಬೋರಲು ಹಾಕಿ ಅದರಡಿ ತಲೆ ಇಟ್ಟು, ಒಳಗೆ ಉಳಿದ ಗಾಳಿಯಲ್ಲಿ ಉಸಿರಾಡುತ್ತ ಆಡುತ್ತಿದ್ದೆವು.

“ಗಂಟೆ ಬರುವ ತನಕ ಕಾಯಲು ಆಗದಿದ್ದರೆ?” ಎಂದು ತಾಂಡೇಲರು ಕೇಳಿ, ತಾವೇ ಉತ್ತರ ಕೊಡುತ್ತಿದ್ದರು. “ನೀನೇ ಹೊರಗೆ ಬರಬೇಕು. ಹೊರಗೆ ಬಂದವರಲ್ಲೂ ಎಷ್ಟೋ ಜನ ಸತ್ತಿದ್ದಾರೆ. ನೀರು ಕುಡಿದು ಅಲ್ಲ, ಉಸಿರು ಹಿಡಿದುಕೊಂಡು.”

ಅದನ್ನು ನೀವು ಸರಿಯಾಗಿ ತಿಳಿಯಬೇಕು, ಯಾಕೆಂದರೆ ನನ್ನ ಎಲ್ಲ ಅವಾಂತರ ಅಲ್ಲೇ ಇದೆ. ಹೊಳೆಯಲ್ಲಿ ನಾವು ದಂಡೆಯ ಮೇಲಿನ ಗಾಳಿ ಎಳೆದುಕೊಂಡು ಮುಳುಗುತ್ತೇವೆ, ಅದೇ ಗಾಳಿ ಇಟ್ಟುಕೊಂಡು ಏಳುತ್ತೇವೆ. ಏನೂ ಆಗುವುದಿಲ್ಲ. ಆದರೆ ಸಮುದ್ರದ ತಳದಲ್ಲಿ ಎಳೆದುಕೊಳ್ಳುವ ಗಾಳಿ ನೀರಿನ ಭಾರಕ್ಕೆ ಒತ್ತಿ ತುಂಬಿದ ಗಾಳಿ. ಮೇಲೆ ಬಂದ ಹಾಗೆ ಅದು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಬಂದರೆ ಎದೆಯೊಳಗೆ ಪುಗ್ಗ ಒಡೆದಂತೆ ಪುಪ್ಪುಸ ಒಡೆಯುತ್ತದೆ. ಆದ್ದರಿಂದ ತಳದಿಂದ ಮೇಲಿನ ತನಕ ಒಂದು ಗಳಿಗೆಯೂ ನಿಲ್ಲಿಸದೆ ಉಸಿರು ಬಿಡುತ್ತಲೇ ಬರಬೇಕು.

ಅಲ್ಲಿ ಐದಂತಸ್ತಿನ ಮನೆಯಷ್ಟು ಎತ್ತರದ ನೀರಿನ ಗೋಪುರ ಇತ್ತು. ಕೆಳಗಿನ ಕೋಣೆಯಿಂದ ಹೊರಬಿದ್ದು, ಗಾಳಿ ತುಂಬಿದ ಜಾಕೀಟು ಎಳೆದಂತೆ ಮೇಲೆ ಬರಬೇಕು. ಮೂರು ಸಲ ಅವಕಾಶ. ಮೂರರಲ್ಲೂ ತಪ್ಪಿದರೆ ಸಬ್‌ಮರೀನ್ ಕೆಲಸ ಮುಗಿದಂತೆ, ಗಂಟು ಕಟ್ಟಿಕೊಂಡು ಹೊರಡಬೇಕು.

ಮೊದಲ ಸಲ ನಾನು ಕಾಲು ನೀರಿಗೆ ಇಡುವ ಮೊದಲೇ ಪಾಸಾದೆ ಅಂದುಕೊಂಡಿದ್ದೆ. ಕೃಷ್ಣೆಯ ಮಗ ನಾನು, ಈ ತೊಟ್ಟಿ ಏನು ಮಹಾ! ಕೆಳಗಿನ ಬಾಗಿಲು ತೆರೆಯಿತು, ಹೊರಬಿದ್ದೆ, ಬಾಯಿ ತಾನೇ ಮುಚ್ಚಿಕೊಂಡಿತು. ಎರಡಾಳು ಎತ್ತರ ಏರಿರಲಿಲ್ಲ, ಕಾವಲಿಗಿದ್ದ ಮುಳುಗುಗಾರ ನನ್ನ ಹೊಟ್ಟೆಗೆ ಒಂದು ಗುದ್ದು ಗುದ್ದಿ ಗಾಳಿ ಹೊರಡಿಸಿ, ಗೋಪುರದ ಪಕ್ಕಕ್ಕಿದ್ದ ಗಾಳಿ ತುಂಬಿದ ಗೂಡಿಗೆ ಎಳೆದು ಹಾಕಿದ. ಅಪ್ಪ ಗುಳ್ಳೆ ಬಿಟ್ಟರೆ ಗುದ್ದುತ್ತಿದ್ದ, ಇವರು ಬಿಡದಿದ್ದರೆ ಗುದ್ದುತ್ತಾರೆ! ಮೇಲೆ ಬಂದ ಮೇಲೆ ತಾಂಡೇಲರು ಉಗಿದ ಉಗಿತಕ್ಕೆ ನನ್ನ ಕಿವಿ ಎರಡು ದಿನ ಗುಂಯ್ ಅಂದವು.

ಎರಡನೆಯ ಸಲ ಬಿಡಬೇಕು, ಬಿಡಬೇಕು ಎಂದು ಮನಸ್ಸಿನಲ್ಲೇ ಜಪಿಸುತ್ತ ಹೊರಟೆ. ಅರ್ಧದ ತನಕ ಬಿಟ್ಟೆ. ಮೇಲಿನ ಬೆಳಕು ಕಂಡದ್ದೇ ತಡ, ಹಳೆಯ ಚಟ ಗಂಟಲು ಹಿಡಿಯಿತು. ಮತ್ತೆ ಗುದ್ದು, ಮತ್ತೆ ಗೂಡು.

ಸಂಜೆ ತಾಂಡೇಲರು ಕರೆದು ಕೂಡಿಸಿಕೊಂಡರು, ಬೈಯಲಿಲ್ಲ. “ಹಣಮಂತಾ, ನಿನ್ನಂಥ ಈಜುಗಾರ ಈ ತಂಡದಲ್ಲಿ ಇಲ್ಲ. ಆದರೆ ಮುಂದಿನ ವಾರ ಇದೇ ಆದರೆ ನಾನು ನಿನ್ನನ್ನು ಇಟ್ಟುಕೊಳ್ಳೋದಿಲ್ಲ. ನಿನ್ನ ಹೆಣವನ್ನು ನಿನ್ನ ಅಪ್ಪನಿಗೆ ಕಳಿಸೋದಕ್ಕಿಂತ ನಿನ್ನನ್ನೇ ಕಳಿಸ್ತೇನೆ.”

ಅವರು ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು. ಊರಿಗೆ ಹೋಗಿ ಮಾಡುವುದೇನು? ಅಪ್ಪನ ಪಕ್ಕದ ಕಲ್ಲಿನ ಮೇಲೆ ಕೂತು ಖಾಲಿ ಹೊಳೆ ನೋಡುವುದೇ? ಊರ ಕಿರಾಣಿ ಅಂಗಡಿಗೆ ಫೋನ್ ಮಾಡಿ, ಎರಡು ಸಲ ಫೇಲಾಗಿದೆ, ಮೂರನೆಯದು ಆದರೆ ಬಂದುಬಿಡುತ್ತೇನೆ ಎಂದು ಅಪ್ಪನಿಗೆ ಹೇಳಲು ತಿಳಿಸಿದೆ.

ನಾಲ್ಕನೆಯ ದಿನ ಗೇಟಿನಿಂದ ಕರೆ ಬಂತು. ಹೋಗಿ ನೋಡಿದರೆ ನಮ್ಮಪ್ಪ! ಮಾಸಿದ ಧೋತರ, ತಲೆಗೆ ರುಮಾಲು, ಹೆಗಲಿಗೆ ರೊಟ್ಟಿಯ ಗಂಟು. ಕಾವಲಿನವನು ಒಡಿಶಾದವನು. ಯಾರು ನೀನು ಎಂದು ಅವನು ಹಿಂದಿಯಲ್ಲಿ ಕೇಳಿದ್ದಕ್ಕೆಲ್ಲ ಅಪ್ಪ “ನಾ ಹಣಮ್ಯಾನ ಅಪ್ಪ” ಎಂದು ಒಂದೇ ಉತ್ತರ ಕೊಡುತ್ತ ನಿಂತಿದ್ದ. ಯಾದಗಿರಿಯಲ್ಲಿ ರೈಲು ಹತ್ತಿ, ಎಲ್ಲಿ ಇಳಿದು ಎಲ್ಲಿ ಹತ್ತಿದನೋ, ಬಂದುಬಿಟ್ಟಿದ್ದ. ನಾನು ಓಡಿ ಹೋಗಿ ತಬ್ಬಿಕೊಂಡೆ. ಹುಟ್ಟಿದಾಗಿನಿಂದ ಅವನನ್ನು ತಬ್ಬಿಕೊಂಡದ್ದು ಅದೇ ಮೊದಲು.

ತಾಂಡೇಲರ ಮುಂದೆ ಅಪ್ಪ ಕುರ್ಚಿಯ ಮೇಲೆ ಕೂಡಲಿಲ್ಲ, ನಿಂತೇ ಮಾತಾಡಿದ.

“ಸಾಹೇಬ್ರ, ನನ್ನ ಮಗ ನೀರಿಗಿ ಅಂಜತಾನಂತ ಒಂದು ಹೇಳಬ್ಯಾಡ್ರಿ. ಬ್ಯಾರೆ ಏನರ ಹೇಳ್ರಿ, ಕೇಳ್ತೀನಿ.”

“ಅಂಜೋದಿಲ್ಲ ಮಾರಾಯ್ರೇ, ಅದೇ ತೊಂದರೆ. ಸ್ವಲ್ಪ ಅಂಜಿದ್ದರೆ ಹೇಳಿದ ಮಾತು ಕೇಳ್ತಿದ್ದ. ಉಸಿರು ಬಿಡೋ ಅಂದ್ರೆ ಹಿಡ್ಕೊಂಡು ಬರ್ತಾನೆ.”

ಅಪ್ಪನ ಮುಖ ಕೆಂಪಾಯಿತು. “ದಮ್ ಬಿಡೂದಾ? ನೀರಾಗ? ನಾನ ಹಿಡಿಯಾಕ ಕಲಿಸೀನಿ ಅವಗ. ಹತ್ತ ವರ್ಷ ಬಡದು ಬಡದು ಕಲಿಸೀನಿ!”

“ಗೊತ್ತಾಯ್ತು. ಹತ್ತು ವರ್ಷದ್ದನ್ನು ನಾನು ಎರಡು ದಿನದಲ್ಲಿ ಬಿಡಿಸಬೇಕು ನೋಡಿ.” ತಾಂಡೇಲರು ಸಾವಧಾನವಾಗಿ ಎಲ್ಲವನ್ನೂ ವಿವರಿಸಿದರು. ತಳದ ಗಾಳಿ, ಒತ್ತಡ, ಮೇಲೆ ಬಂದಂತೆ ಹಿಗ್ಗುವುದು. ನನಗೆ ಇದನ್ನೇ ಅವರು ಹಲಗೆಯ ಮೇಲೆ ಬರೆದು ಮೂರು ವಾರ ತಿಳಿಸಿದ್ದರು. ಅಪ್ಪ ಸುಮ್ಮನೆ ಕೇಳುತ್ತ ನಿಂತವನು ಒಮ್ಮೆಲೇ ತೊಡೆ ಬಡಿದುಕೊಂಡ.

“ಡ್ಯಾಮಿನ ಮೀನ!”

ತಾಂಡೇಲರು ನನ್ನ ಮುಖ ನೋಡಿದರು.

“ನಾರಾಯಣಪುರ ಡ್ಯಾಮಿನ ಹಿನ್ನೀರಾಗ ಆಳದಿಂದ ಗಕ್ಕನ ಮೀನ ಎಳದ್ರ ಏನಾಗ್ತದೋ ಹಣಮ್ಯಾ? ಹೊಟ್ಟಿ ಉಬ್ಬಿ, ಒಳಗಿನ ಗಾಳಿ ಚೀಲ ಬಾಯಾಗ ಬಂದಿರತದ. ನೂರ ಸಲ ನೋಡೀಯಲ್ಲೋ! ಮೀನಿಗಿ ಗಾಳಿ ಬಿಡಾಕ ಪುರಸತ್ತು ಸಿಗಂಗಿಲ್ಲ, ಸಾಯ್ತದ. ನಿನಗ ಇಷ್ಟಗಲ ಬಾಯಿ ಅದಲ್ಲೋ ಖೋಡಿ, ತಗದು ಬಿಡಾಕ ಏನು ರೋಗ?”

ನಾನು ಬೆರಗಾಗಿ ನಿಂತೆ. ಹೌದಲ್ಲ! ಆ ಮೀನುಗಳನ್ನು ನಾನೇ ಬುಟ್ಟಿಗೆ ಹಾಕಿದ್ದೆ. ತಾಂಡೇಲರು ಎದ್ದು ಬಂದು ಅಪ್ಪನ ಕೈ ಹಿಡಿದು ಕುಲುಕಿದರು, ಆ ಮೇಲೆ ಅಪ್ಪ ಕುರ್ಚಿಯ ಮೇಲೆ ಕೂತ. ಮುಂದೆ ಅವರು ಕಲಿಸಿದ ಪ್ರತಿಯೊಂದು ತರಗತಿಯಲ್ಲೂ ಆ ಮೀನು ಈಜಿತು.

ತಿಳಿಯುವುದು ಬೇರೆ, ಬಾಯಿ ಕೇಳುವುದು ಬೇರೆ. ಮೂರನೆಯ ಅವಕಾಶಕ್ಕೆ ಎರಡು ದಿನ ಇದ್ದವು. ಅಪ್ಪ ನನ್ನನ್ನು ಬಂದರಿನ ಹಿಂದಿನ ಕಿರಿದಾದ ಅಳಿವೆಯ ದಂಡೆಗೆ ಕರೆದುಕೊಂಡು ಹೋದ. ತಾನು ದೋಣಿಯವನಿಗೆ ಕೈಸನ್ನೆ ಮಾಡಿ ಆಚೆ ದಂಡೆಗೆ ಹೋಗಿ ನಿಂತ.

“ಕರಿ ನನ್ನ!” ಎಂದು ಅಲ್ಲಿಂದ ಒದರಿದ.

ಹೊಳೆಯ ಆಚೆ ಬದಿಯಿಂದ ಹರಗೋಲು ಬೇಕಾದವರು ಕರೆಯುವ ಒಂದು ರೀತಿ ಇದೆ. ಗಾಳಿಯ ಮೇಲೆ ಹೊಳೆ ದಾಟಬೇಕಾದ ಕರೆ ಅದು, ಎದೆಯಲ್ಲಿದ್ದುದನ್ನೆಲ್ಲ ಒಂದೇ ಎಳೆಯಲ್ಲಿ ಖಾಲಿ ಮಾಡಬೇಕು. ನಡುವೆ ಉಸಿರು ನುಂಗಿದರೆ ಕರೆ ಮುರಿಯುತ್ತದೆ, ಅಂಬಿಗ ಏಳುವುದಿಲ್ಲ. ನಾನು ಕೈ ಬಾಯಿಗೆ ಅಡ್ಡ ಹಿಡಿದು ಕರೆದೆ.

“ಓ............ ಅಂಬಿಗಾ............”

ಅಪ್ಪ ಅಲ್ಲಿಂದ ತಲೆ ಅಲ್ಲಾಡಿಸಿದ. “ಹೊಟ್ಟಿ ಬೆನ್ನಿಗಿ ಹತ್ತಬೇಕು! ಇನ್ನೊಮ್ಮಿ!”

ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕರೆದೆ. ಬಲೆ ಒಣಗಿಸುತ್ತಿದ್ದ ತೆಲುಗು ಹೆಂಗಸರು ನಗುತ್ತ ತಾವೂ ಕೂಗಿದರು. ಮರುದಿನ ತಾಂಡೇಲರು ಗಡಿಯಾರ ಹಿಡಿದು ಬಂದು ನಿಂತರು. ಗೋಪುರದ ತಳದಿಂದ ಮೇಲೆ ಬರಲು ಬೇಕಾದ ಹೊತ್ತಿನ ಎರಡರಷ್ಟು ಕಾಲ ನನ್ನ ಕರೆ ಎಳೆಯುತ್ತಿತ್ತು. ಅವರು ಗಡಿಯಾರ ಜೇಬಿಗಿಟ್ಟುಕೊಂಡರು, ನಗಲಿಲ್ಲ, ಆದರೆ ನಡೆಯುವಾಗ ಶಿಳ್ಳೆ ಹಾಕುತ್ತ ಹೋದರು.

ಮೂರನೆಯ ದಿನ. ಹೊರಗಿನವರು ಗೋಪುರದ ಮೇಲೆ ಹತ್ತಬಾರದು ಎಂಬ ನಿಯಮ ಇತ್ತು. ತಾಂಡೇಲರು ಅಪ್ಪನನ್ನು ಹತ್ತಿಸಿದರು, ಬಾಯಿ ಬಿಡಬಾರದು ಎಂಬ ಕರಾರಿನ ಮೇಲೆ. ನಾನು ಕೆಳಗಿನ ಕೋಣೆಯಲ್ಲಿ ಕೂತೆ. ನೀರು ಮೊಣಕಾಲಿಗೆ ಬಂತು, ಎದೆಗೆ ಬಂತು, ಕಿವಿಗಳು ಪಟ್ ಪಟ್ ಅಂದವು. ನಿಮಗೆ ಸುಳ್ಳು ಯಾಕೆ ಹೇಳಲಿ, ಆ ದಿನ ಅಂಜಿದ್ದೆ. ಬಾಗಿಲು ತೆರೆಯಿತು. ಹೊರಬಿದ್ದೆ. ಆಚೆ ದಂಡೆ ನೆನೆಸಿಕೊಂಡು ಬಾಯಿ ತೆರೆದೆ.

ನೀರಿನೊಳಗೆ ಕರೆ ಕೇಳುವುದಿಲ್ಲ, ಬರೀ ಗುಳುಗುಳು. ಆದರೆ ಒಂದು ಚೋದ್ಯ ನಡೆಯಿತು. ಎಷ್ಟು ಕರೆದರೂ ನನ್ನ ಎದೆ ಖಾಲಿ ಆಗಲೇ ಇಲ್ಲ! ಬಿಟ್ಟಷ್ಟೂ ಒಳಗಿನ ಗಾಳಿ ಹಿಗ್ಗಿ ಮತ್ತೆ ತುಂಬುತ್ತಿತ್ತು. ಉಸಿರಿಗಾಗಿ ತಹತಹವೇ ಇಲ್ಲ. ಇಷ್ಟು ಸುಖ ಬಾಯಿ ಮುಚ್ಚಿಕೊಂಡವನಿಗೆ ಎಲ್ಲಿಂದ ತಿಳಿಯಬೇಕು? ಗುಳ್ಳೆಗಳ ನಡುವೆ ನಗುತ್ತ ಏರಿದೆ. ತಲೆ ನೀರಿನ ಮೇಲೆ ಬಂದಾಗಲೂ ಕರೆ ಮುಗಿದಿರಲಿಲ್ಲ. “ಬಿಗಾ............” ಎಂದು ಉಳಿದ ಅರ್ಧ ಗೋಪುರದ ತುಂಬ ಮೊಳಗಿತು.

ಅಪ್ಪನಿಗೆ ಕರಾರು ಮರೆತೇ ಹೋಯಿತು. “ಬಂದ್ಯೋ............ ನಿಂದ್ರೋ............” ಎಂದು, ಬರುತ್ತಿದ್ದೇನೆ ನಿಲ್ಲು ಅನ್ನುವ ಅಂಬಿಗನ ಉತ್ತರ ಕೊಡುತ್ತ, ಹುಟ್ಟು ಹಾಕುವವನಂತೆ ಎರಡೂ ಕೈ ಎತ್ತಿ ಅಂಚಿನ ತನಕ ನುಗ್ಗಿದ. ತಾಂಡೇಲರು ಅವನ ಧೋತರದ ಚುಂಗು ಹಿಡಿದು ಎಳೆಯದಿದ್ದರೆ ನನ್ನ ಮೇಲೇ ಬೀಳುತ್ತಿದ್ದ.

ಪಾಸಾಗಿದ್ದೆ. ಮರುದಿನ ರೈಲು ನಿಲ್ದಾಣದಲ್ಲಿ ಅಪ್ಪನನ್ನು ಹತ್ತಿಸಲು ಹೋದೆ. ಕಿಟಕಿಯ ಹತ್ತಿರ ಕೂತು ಅವನು ನನ್ನ ಕಡೆ ನೋಡದೆ ಹೇಳಿದ: “ಸೇತುವಿ ಆದಮ್ಯಾಲ ಯಾರೂ ಕರದಿದ್ದಿಲ್ಲಪಾ ನನ್ನ. ಈ ಮೂರು ದಿನ ಛಲೋ ಹೋದವು.” ರೈಲು ಹೊರಟಿತು. ನಾನು ಪಾಸಾದ ಖುಷಿಯಲ್ಲಿದ್ದವನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಊರಲ್ಲಿ ಮತ್ತೆ ಅದೇ ಕಲ್ಲು, ಅದೇ ಖಾಲಿ ದಂಡೆ ಅವನಿಗಾಗಿ ಕಾಯುತ್ತಿತ್ತು. ಅದಕ್ಕೆ ನಾನು ಏನು ಮಾಡಬಲ್ಲೆ ಎಂದು ತಿಳಿಯಲಿಲ್ಲ.

ತಾಂಡೇಲರು ಮಾತ್ರ ಸುಮ್ಮನಿರುವ ಆಳಲ್ಲ. ಮುಂದಿನ ತಂಡಕ್ಕೆ ತುಟಿ ಸಣ್ಣ ಮಾಡಿ ಉಸಿರು ಬಿಡಿ ಎಂಬ ಹಳೆಯ ಪಾಠ ಬಿಟ್ಟರು. ಎಲ್ಲರನ್ನೂ ಅಳಿವೆಯ ದಂಡೆಯಲ್ಲಿ ನಿಲ್ಲಿಸಿ ನಮ್ಮ ಕರೆ ಕಲಿಸಿದರು. ತಮಿಳರು, ಪಂಜಾಬಿಗಳು, ಬಂಗಾಳಿಗಳು ಎಲ್ಲರೂ “ಓ ಅಂಬಿಗಾ” ಎಂದು ಅರಚುತ್ತಿದ್ದರು. ಅದರ ಅರ್ಥ ಏನು ಎಂದು ಒಬ್ಬ ಕೇಳಿದ್ದಕ್ಕೆ “ಬದುಕಿದ್ದೇನೆ ಅಂತ ಅರ್ಥ, ಕೂಗು” ಎಂದರು. ಅವರು ನಿವೃತ್ತರಾದ ಮೇಲೆ ಆ ಕೆಲಸ ನನಗೆ ಬಂತು, ನಾನೂ ಕರೆಯನ್ನು ಬಿಡಲಿಲ್ಲ.

ನಡುವಿನ ವರ್ಷಗಳಲ್ಲಿ ಕಲಿತದ್ದು ಬಹಳ, ಅದಕ್ಕಿಂತ ನಕ್ಕದ್ದು ಬಹಳ. ಒಂದು ಹೇಳುತ್ತೇನೆ. ಆಳದ ಕೆಲಸಕ್ಕೆ ಇಳಿಯುವವರನ್ನು ಹಡಗಿನ ಮೇಲೆಯೇ ಒಂದು ಮುಚ್ಚಿದ ಕಬ್ಬಿಣದ ಕೋಣೆಯಲ್ಲಿ ದಿನಗಟ್ಟಲೆ ಒತ್ತಡದಲ್ಲಿ ಇಡುತ್ತಾರೆ. ಅಲ್ಲಿ ಉಸಿರಾಡುವುದು ಹೀಲಿಯಂ ಬೆರೆಸಿದ ಗಾಳಿ. ದನಿ ಬಾತುಕೋಳಿಯಂತಾಗುತ್ತದೆ, ನಾಲಿಗೆಗೆ ರುಚಿಯೇ ಹತ್ತುವುದಿಲ್ಲ. ಬಿರಿಯಾನಿಯೂ ಒಂದೇ, ಹೊಟ್ಟೂ ಒಂದೇ. ನನ್ನ ಹತ್ತಿರ ಅವ್ವ ಕಳಿಸಿದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಇತ್ತು. ಅದೊಂದರ ಖಾರ ಮಾತ್ರ ನಾಲಿಗೆಗೆ ಮುಟ್ಟಿತು! ಜೊತೆಗಿದ್ದ ಇಬ್ಬರು ಡಬ್ಬಿಗೆ ಬೆರಳು ಹಾಕಿ ನೆಕ್ಕಿದರು. ಈ ಸುದ್ದಿ ಅವ್ವನಿಗೆ ಹೇಳಲೇಬೇಕೆಂದು ಹೊರಗಿನ ಗೆಳೆಯನಿಗೆ ದುಂಬಾಲು ಬಿದ್ದು, ಹೊರಗೆ ಬಿಟ್ಟಿದ್ದ ನನ್ನ ಮೊಬೈಲನ್ನು ಕೋಣೆಯ ಸ್ಪೀಕರಿನ ಹತ್ತಿರ ಹಿಡಿಸಿ “ಅವ್ವಾ, ಹಿಂಡಿ ಭಾಳ ಛಲೋ ಆಗ್ಯಾದ” ಎಂದೆ.

ಆ ಕಡೆಯಿಂದ ಅವ್ವನ ದನಿ ಸಿಡಿಯಿತು. “ಯಾರವ್ವಾ ನೀ? ನನ್ನ ಮಗನ ಫೋನ್‌ನಾಗ ನೀ ಯಾಕ ಮಾತಾಡ್ಲಾಕತ್ತೀದಿ? ಅವಗ ಹೆಂಡ್ತಿ ಅದಾಳ, ಗೊತ್ತದನು?”

ಮೂವರೂ ಆ ಕಬ್ಬಿಣದ ಡಬ್ಬಿಯೊಳಗೆ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಬಾತುಕೋಳಿಗಳ ಹಿಂಡು ನಕ್ಕಂತೆ. ಕೆಲಸ ಮುಗಿಸಿ ಹೊರಗೆ ಬಂದು ಹೆಂಡತಿಗೆ ಸಮಜಾಯಿಷಿ ಕೊಡಲು ನನಗೆ ಎರಡು ದಿನ ಹಿಡಿಯಿತು.

ಉಪಕರಣಗಳೂ ಬದಲಾದವು. ಹಗ್ಗದ ಮೇಲಿನ ಗಂಟೆ ಹೋಗಿ, ತಾನೇ ಈಜಿಕೊಂಡು ಹೋಗಿ ಸಬ್‌ಮರೀನಿನ ಬಾಗಿಲಿಗೆ ಕೂಡುವ ಚಿಕ್ಕ ರಕ್ಷಣಾ ವಾಹನ ಬಂತು. ನಾನು ಮೊದಲ ಸಲ ಅದರಲ್ಲಿ ಅಭ್ಯಾಸಕ್ಕೆ ಇಳಿದಾಗ, ಕೆಳಗಿನ ಸಬ್‌ಮರೀನಿಗೆ ಮುಟ್ಟಿದ ತಕ್ಷಣ ಹಳೆಯ ರೂಢಿಯಂತೆ ನಟ್ಟು ತಿರುಗಿಸುವ ಪಾನಾ ತೆಗೆದು ಢಣ್ ಢಣ್ ಎಂದು ಬಡಿದೆ. ಒಳಗಿನವರಿಗೆ ಧೈರ್ಯ ಹೇಳುವ ಕ್ರಮ ಅದು. ಕೆಳಗೆ ಕಿವಿಗೆ ಯಂತ್ರ ಹಾಕಿಕೊಂಡು ಇರುವೆಯ ಹೆಜ್ಜೆ ಆಲಿಸುತ್ತ ಕೂತಿದ್ದ ಹುಡುಗ ಕುರ್ಚಿಯಿಂದ ಬಿದ್ದನಂತೆ. ನಮ್ಮ ಎಳೆಯ ಅಧಿಕಾರಿ ಮುಖ ಮುಚ್ಚಿಕೊಂಡು “ಹಣಮಂತ್‌ಜೀ, ನೀರೊಳಗಿನ ಫೋನ್ ಇದೆ, ಅದರಲ್ಲಿ ಮಾತಾಡಬಹುದು” ಎಂದರು. ಒಳ್ಳೆ ಹುಡುಗ, ದೂರು ಬರೆಯಲಿಲ್ಲ. ಯಂತ್ರ ಹೊಸದಾದಾಗ ಹಳೆಯ ಕೈ ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ತಪ್ಪೇ ಆಗಿರುತ್ತದೆ ಎಂದು ಅಂದು ಕಲಿತೆ.

ಇನ್ನು ನಾನು ಎಂದಿಗೂ ಮರೆಯದ ಅಭ್ಯಾಸದ ದಿನಕ್ಕೆ ಬರುತ್ತೇನೆ. ಒಂದು ಸಬ್‌ಮರೀನನ್ನು ದಂಡೆಗೆ ಸಮೀಪ, ಹೆಚ್ಚು ಆಳವಿಲ್ಲದ ಮರಳ ಮೇಲೆ ಕೂಡಿಸಿದ್ದರು. ನಾನು ಕಲಿಸಿದ ಹತ್ತು ಮಂದಿ ಟಾರ್ಪೆಡೋ ಹಾರಿಸುವ ಕೊಳವೆಯೊಳಗಿಂದ ಹೊರಬಂದು ಮೇಲೇರಬೇಕು. ಒಂದು ಸಲಕ್ಕೆ ಮೂವರು ಒಬ್ಬರ ಹಿಂದೊಬ್ಬರು ಕೊಳವೆಯಲ್ಲಿ ಮಲಗುತ್ತಾರೆ, ಹಿಂದಿನ ಬಾಗಿಲು ಮುಚ್ಚುತ್ತಾರೆ, ನೀರು ತುಂಬುತ್ತಾರೆ. ಒಳಗಿನವರು ಒಂದು ಸಲ ಬಡಿದು ಹೇಗಿದ್ದೀರಿ ಎಂದು ಕೇಳುತ್ತಾರೆ. ಒಂದೇ ಸಲ ಬಡಿದು ಉತ್ತರಿಸಿದರೆ ಎಲ್ಲ ಸರಿ, ಮುಂದಿನ ಬಾಗಿಲು ತೆರೆಯುತ್ತದೆ. ಮೂರು ಸಲ ಬಡಿದರೆ ನೀರು ತೆಗೆದು ನನ್ನನ್ನು ವಾಪಸ್ ಎಳೆಯಿರಿ ಎಂದು ಅರ್ಥ. ನಾನು ಮೇಲೆ ದೋಣಿಯಲ್ಲಿ ನಿಂತು ತಲೆ ಎಣಿಸಬೇಕು. ಎಷ್ಟು ವರ್ಷ ಕಲಿಸಿದರೂ ಆ ಎಣಿಕೆ ಪೂರ್ತಿಯಾಗುವ ತನಕ ನಾನು ಕೂಡುತ್ತಿರಲಿಲ್ಲ.

ಮೊದಲ ಮೂವರು ಬಂದರು. ನೀರು ಸೀಳಿ ಕಿತ್ತಳೆ ಬಣ್ಣದ ತಲೆ ಮೇಲೆ ಬಂದ ಹಾಗೆ “...ಬಿಗಾ............” “...ಅಂಬಿಗೋ............” ಎಂದು ಸಮುದ್ರದ ಮೇಲೆ ಕರೆ. ಮರಾಠಿ ಮಾತಿನ ಒಂದು, ಮಲಯಾಳಿ ಮಾತಿನ ಒಂದು. ಆಗ ನನಗೆ ಏನು ಹೊಳೆಯಿತೋ, ದೋಣಿಯಲ್ಲಿದ್ದ ಅಧಿಕಾರಿಯ ಅಪ್ಪಣೆ ಕೇಳಿ ಮನೆಗೆ ಮೊಬೈಲ್ ಹಚ್ಚಿದೆ. ದಂಡೆ ಸಮೀಪವಿದ್ದುದರಿಂದ ತಾಗಿತು. ಅಪ್ಪನಿಗೆ ಆಗ ಎಪ್ಪತ್ತರ ಹತ್ತಿರ, ಕಿವಿ ಮಂದ, ಹೊರಗೆ ಹೋಗುವುದೂ ಕಡಿಮೆ.

“ಯಪ್ಪಾ, ಮಾತಾಡಬ್ಯಾಡ, ಬರೇ ಕೇಳು.” ಫೋನನ್ನು ನೀರಿನ ಕಡೆ ಚಾಚಿ ಹಿಡಿದೆ. ಮುಂದಿನ ಮೂವರು ಎದ್ದರು. “ಓ............ ಅಂಬಿಗಾ............” ಅವರ ಹಿಂದೆ ಇನ್ನೂ ಮೂವರು. ದೋಣಿಯ ಸುತ್ತೆಲ್ಲ ಕರೆಯೋ ಕರೆ.

ಫೋನ್ ಕಿವಿಗಿಟ್ಟುಕೊಂಡೆ. ಅಪ್ಪ ಕೇಳಿದ. “ಯಾರೋ ಇವರೆಲ್ಲ?”

“ನಮ್ಮ ಮಂದಿ ಯಪ್ಪಾ. ಸಮುದ್ರದ ತಳದಿಂದ ಬರಾಕತ್ತಾರ. ನಿನ್ನ ಕರಿಯಾಕತ್ತಾರ.”

“ಎಷ್ಟ ಮಂದಿ?”

“ಹತ್ತು.”

“ಹತ್ತೂ ಬಂದ್ರೇನು?”

ನಾನು ಎಣಿಸಿದೆ. ಒಂಬತ್ತು. “ಒಬ್ಬಾಂವ ಬರಬೇಕು.”

ಹತ್ತನೆಯವನು ಬಲ್ಬೀರ್, ಪಂಜಾಬದವನು, ಕೊಳವೆಯಲ್ಲಿ ಒಬ್ಬನೇ ಬರಬೇಕಾದವನು. ಇಷ್ಟು ಹೊತ್ತಿಗೆ ಬಂದಿರಬೇಕಿತ್ತು. ಬರಲಿಲ್ಲ. ನೀರು ಸುಮ್ಮನಿತ್ತು. ನಮ್ಮ ಮುಳುಗುಗಾರ ಇಳಿಯಲು ಸಿದ್ಧನಾಗಿ ದೋಣಿಯ ಅಂಚಿಗೆ ಬಂದ. ನಾನು ಮತ್ತೊಮ್ಮೆ ತಲೆ ಎಣಿಸಿದೆ. ಫೋನಿನೊಳಗೆ ಅವ್ವನ ಕೂಗು ಕೇಳಿಸಿತು: “ತಾಟ ಮುಂದಿಟ್ಟು ಎಷ್ಟ ಹೊತ್ತಾತು, ರೊಟ್ಟಿ ಆರಾಕತ್ತಾವ, ಉಣ್ಣರಿ!” ಅಪ್ಪ “ತಡಿ” ಅಂದ.

ಅಷ್ಟರಲ್ಲಿ ನೀರೊಳಗಿನ ಫೋನಿನಿಂದ ಸುದ್ದಿ ಬಂತು. ಬಲ್ಬೀರ್ ಊರಲ್ಲಿ ಢೋಲಕ್ ಬಾರಿಸುವವನು. ಅವನ ಬೆರಳು ಊಟದ ತಾಟಿನ ಮೇಲೂ ಸುಮ್ಮನಿರುತ್ತಿರಲಿಲ್ಲ. ಕೊಳವೆಯಲ್ಲಿ ಮಲಗಿ ಹೇಗಿದ್ದೀ ಎಂಬ ಬಡಿತ ಕೇಳಿದ್ದೇ, ಖುಷಿಗೋ ಅಂಜಿಕೆಗೋ ಒಂದು ಬಡಿಯುವ ಬದಲು ಇಡೀ ಒಂದು ತಾಳ ಬಾರಿಸಿದ್ದಾನೆ! ಒಳಗಿನವರು ಗಾಬರಿಯಾಗಿ ನೀರು ತೆಗೆದು ಅವನನ್ನು ಹಿಂದಕ್ಕೆ ಎಳೆದುಕೊಂಡು, ಏನಾಯಿತೆಂದು ಕೇಳಿ, ತಲೆಗೆ ಎರಡು ಬಿಟ್ಟು, ಮತ್ತೆ ಕೊಳವೆಗೆ ಹಾಕಿದ್ದಾರೆ. ದೋಣಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ, ಅವನು ಇನ್ನೂ ಕೆಳಗೇ ಇದ್ದ.

“ಬಂದನೇನು?” ಅಪ್ಪ ಕೇಳಿದ.

“ಇಲ್ಲ. ಈಗ ಬರ್ತಾನ. ಯಪ್ಪಾ, ಫೋನ್ ಇಡ್ಲೇನು? ನೀ ಉಣ್ಣು ಹೋಗು.”

“ಹುಚ್ಚದಿ ಏನು? ಮಂದಿ ನೀರಿನ ಮ್ಯಾಲ ಇದ್ದಾಗ ಉಣ್ಣತಾರೇನೋ!”

ಆಗ ನನಗೆ ನೆನಪಾಯಿತು. ಕಡೆಯ ಮನುಷ್ಯ ದಂಡೆ ಹತ್ತುವ ತನಕ ನಮ್ಮ ಮನೆಯ ಗಂಡಸರು ತುತ್ತು ಮುಟ್ಟುತ್ತಿರಲಿಲ್ಲ. ಸೇತುವೆ ಆದ ಮೇಲೆ ಕಾಯಲು ಯಾರೂ ಇರಲಿಲ್ಲವಾದ್ದರಿಂದ ಅಪ್ಪ ಇಪ್ಪತ್ತು ವರ್ಷಕ್ಕೂ ಮೇಲೆ ಹೊತ್ತಿಗೆ ಸರಿಯಾಗಿ ಉಂಡಿದ್ದ.

ದೋಣಿಯ ಬಲಗಡೆ ನೀರು ಉಕ್ಕಿತು. ಬಲ್ಬೀರನ ತಲೆ, ಅದರ ಹಿಂದೆ ಅವನ ಗಂಟಲು. ಆ ದಿನದ ಹತ್ತರಲ್ಲಿ ಅಷ್ಟು ಉದ್ದದ, ಅಷ್ಟು ಅಪಸ್ವರದ ಕರೆ ಇನ್ನೊಂದಿರಲಿಲ್ಲ. “ಓ.................. ಅಂಬೀಗಾ..................!” ನಾನು ಫೋನನ್ನು ಅವನ ಬಾಯಿಯ ಹತ್ತಿರವೇ ಹಿಡಿದೆ. ಅದರೊಳಗಿಂದ ನಮ್ಮಪ್ಪ, ಗೋಡೆ ಬಿರಿಯುವ ಹಾಗೆ, ಹಳೆಯ ದನಿಯಲ್ಲಿ ಉತ್ತರ ಕೊಟ್ಟ.

“ಬಂದ್ಯೋ............ ನಿಂದ್ರೋ............!”

ಬಲ್ಬೀರ್ ನೀರಿನಲ್ಲಿ ತೇಲುತ್ತ ಬೆಪ್ಪಾಗಿ ಫೋನ್ ನೋಡಿದ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಲೂ ಇದ್ದೆ. ಅವನ ತೋಳು ಹಿಡಿದು ದೋಣಿಗೆ ಎಳೆದುಕೊಂಡೆವು.

“ಹತ್ತು?” ಅಪ್ಪ ಕೇಳಿದ.

“ಹತ್ತು, ಯಪ್ಪಾ.”

ಅವನು ಫೋನ್ ಇಡುವುದನ್ನು ಮರೆತು ಒಳಗೆ ತಿರುಗಿ ಅವ್ವನಿಗೆ ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತು.

“ಎಲ್ಲಾರೂ ದಂಡಿ ಹತ್ಯಾರ. ಹ್ಞಾಂ, ಈಗ ನೀಡು.”